ಕಾಕ ಸೂಜಿ ಕೆಳಗಿಟ್ಟದ್ದು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪುತ್ತೂರಿನಲ್ಲಿ ಹೆಚ್ಚಿನವರಿಗೆ ಗುರುತು ಸಿಗಲಿಕ್ಕಿಲ್ಲ. ನಮ್ಮ ಲ್ಯಾಬಿಗೆ ರಕ್ತಪರೀಕ್ಷೆಗೆ ಬರುವವರಿಗೆಲ್ಲ ಅವರು ಬರೀ ಕಾಕ. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಸುಳ್ಯದ ಗೌಡರಿಗೂ ಕಾಕ, ಮಾತು ಬಾರದ ಮಕ್ಕಳಿಗೂ ಕಾಕ. "ಕಾಕ ಇದ್ದಾರಾ?" ಎಂದು ಬಾಗಿಲಿನಲ್ಲೇ ಕೇಳಿ, ಇಲ್ಲ ಎಂದರೆ "ಹಾಗಾದ್ರೆ ನಾಳೆ ಬರ್ತೇವೆ" ಎಂದು ಖಾಲಿ ಹೊಟ್ಟೆಯಲ್ಲೇ ವಾಪಸು ಬಸ್ಸು ಹತ್ತಿದವರನ್ನು ನಾನು ಕಂಡಿದ್ದೇನೆ.

ಕಳೆದ ತಿಂಗಳು ಕಾಕ ತೀರಿಕೊಂಡರು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು, ಮನೆಯವರೆಲ್ಲ ಹತ್ತಿರ ಇದ್ದರು. ಆ ಸಾವಿಗೆ ಅತ್ತೆ, ಆದರೆ ಬೆಚ್ಚಿಬೀಳಲಿಲ್ಲ. ನಾನು ಬೆಚ್ಚಿಬಿದ್ದದ್ದು ಅದಕ್ಕಿಂತ ಮೂರು ವರ್ಷ ಹಿಂದೆ, ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ. ಆ ಬೆಚ್ಚು ಇನ್ನೂ ಇಳಿದಿಲ್ಲ.

ಕಡಬದ ಆಚೆಯಿಂದ ಜೀಪು ಹಿಡಿದು, ಮತ್ತೆ ಬಸ್ಸು ಹಿಡಿದು ಬಂದ ಗಂಡಹೆಂಡತಿ. ತಾಯಿಯ ಮಡಿಲಲ್ಲಿ ಏಳು ತಿಂಗಳ ಮಗು. ಕಾಕ ಎಂದಿನ ಹಾಗೆ ಮಗುವಿನ ಅಂಗೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟು ಬೆಚ್ಚಗೆ ಮಾಡಿದರು. ರಬ್ಬರು ಕಟ್ಟಿದರು. ತೋರುಬೆರಳಿನಿಂದ ಮೊಣಕೈಯ ಮಡಿಕೆಯನ್ನು ಸವರಿದರು. ಸೂಜಿಯ ಮುಚ್ಚಳ ತೆಗೆದರು. ತೆಗೆದವರು ಹಾಗೇ ನಿಂತರು.

ಎಷ್ಟು ಹೊತ್ತು ನಿಂತರೋ ಗೊತ್ತಿಲ್ಲ. ತಾಯಿ ತಲೆ ಎತ್ತಿ ನೋಡಿದಳು. ನಾನು ನೋಡಿದೆ. ಕಾಕ ಮುಚ್ಚಳವನ್ನು ಮತ್ತೆ ಸೂಜಿಗೆ ಹಾಕಿ, ಅದನ್ನು ಟ್ರೇಯಲ್ಲಿ ಇಟ್ಟರು.

"ನನ್ನಿಂದ ಆಗುದಿಲ್ಲ."

"ಎಂತಾಯ್ತು ಕಾಕ? ಹುಷಾರಿಲ್ವಾ?"

"ಹುಷಾರಿಗೆ ಎಂತ ಇಲ್ಲ. ಕೈ ಹೋಗಿದೆ."

ಅಷ್ಟೇ. ಮಗುವಿನ ರಬ್ಬರು ಬಿಚ್ಚಿದರು. ಕೈ ತೊಳೆದರು. ಬಿಳಿ ಕೋಟನ್ನು ಮಡಚಿ ಕುರ್ಚಿಯ ಮೇಲಿಟ್ಟು, ಬುತ್ತಿಯ ಚೀಲ ಹಿಡಿದು, ಮೆಟ್ಟಿಲಿಳಿದು ಹೋದರು. ಹದಿನೆಂಟು ವರ್ಷ ಕೆಲಸ ಮಾಡಿದ ಲ್ಯಾಬನ್ನು ಬಿಟ್ಟುಹೋಗಲು ಅವರಿಗೆ ಐದು ನಿಮಿಷ ಹಿಡಿಯಲಿಲ್ಲ. ಆ ಮಗುವಿಗೆ ಸೂಜಿ ಹಾಕಿದ್ದು ನಾನು. ಮೂರು ಸಲ ಕುತ್ತಿದೆ. ಮೂರನೆಯ ಸಲಕ್ಕೆ ತಂದೆ ಗೋಡೆಯ ಕಡೆ ತಿರುಗಿ ನಿಂತಿದ್ದ.

ನನ್ನ ವಿಷಯ ಸ್ವಲ್ಪ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಎರಡೂ ಕಡೆಯ ಕುಟುಂಬದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ಕಡಬದ ಹತ್ತಿರ ಬೇರೆಯವರ ರಬ್ಬರು ಮರಗಳಿಗೆ ಕತ್ತಿ ಹಾಕುವ ಕೆಲಸ ಮಾಡಿದವರು, ಅಮ್ಮ ಬೀಡಿ ಕಟ್ಟಿದವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಾಗ ಮೊದಲ ಆರು ತಿಂಗಳು ಪಾಠ ಒಂದಕ್ಷರ ತಲೆಗೆ ಹೋಗಲಿಲ್ಲ. ಬಾಯಿಪಾಠ ಮಾಡಿದೆ, ಬರೆದೆ, ಪಾಸಾದೆ. ಬಿಎಸ್ಸಿ ಮುಗಿಸಿ ಲ್ಯಾಬಿನ ಕೋರ್ಸನ್ನೂ ಮಾಡಿದೆ. ಅಪ್ಪ ಆ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದರು. ಕೌಂಟರಿನಲ್ಲಿ ಕೂರುವ ರೇವತಿ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಏ ಬಿಎಸ್ಸಿ, ಈ ಡಾಕ್ಟ್ರ ಅಕ್ಷರ ಎಂತಂತ ನೋಡು ಮಾರಾಯ್ತಿ." ನನಗೆ ತಿಳಿಯದಿದ್ದರೆ, "ಕಾಲೇಜಿನಲ್ಲಿ ಎಂತ ಕಲ್ತದ್ದು ಮತ್ತೆ?" ತಮಾಷೆಯೇ. ಆದರೆ ನನ್ನಂಥವರಿಗೆ ಅದು ಪೂರ್ತಿ ತಮಾಷೆಯಾಗಿ ಕೇಳುವುದಿಲ್ಲ. ಗೊತ್ತಿಲ್ಲ ಎನ್ನುವ ಒಂದು ಮಾತು ನನ್ನ ಬಾಯಿಂದ ಬರಲು ಕಷ್ಟವಿತ್ತು. ಬಂದರೆ ಆ ಫ್ರೇಮು ಗೋಡೆಯಿಂದ ಕಳಚಿ ಬಿದ್ದೀತು ಎಂಬ ಹಾಗೆ.

ಕಾಕ ಎಂದೂ ಹಾಗೆ ಕರೆದವರಲ್ಲ. ಮಗಳೇ ಎಂದೇ ಕರೆದರು. ಓದಿದ್ದು ಏಳನೆಯ ಕ್ಲಾಸು. ಮಾತಾಡುತ್ತಿದ್ದದ್ದು ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ, ಅರಬಿ, ಸಾಕಷ್ಟು ಇಂಗ್ಲಿಷು. "ಮಾತಾಡ್ಲಿಕ್ಕೆ ಏಳು ಭಾಷೆ ಬರ್ತದೆ, ಓದ್ಲಿಕ್ಕೆ ಬಾಟಲಿಯ ಲೇಬಲ್ ಮಾತ್ರ" ಎನ್ನುತ್ತಿದ್ದರು. ಗಲ್ಫಿನ ಒಂದು ಬಂದರು ಪಟ್ಟಣದ ಆಸ್ಪತ್ರೆಗೆ ನೆಲ ಒರೆಸಲು ಹೋದವರು, ಅಲ್ಲಿಯ ನರ್ಸುಗಳು ಕೆಲಸ ಮಾಡುವುದನ್ನು ನೋಡಿ ನೋಡಿ ರಕ್ತ ತೆಗೆಯುವುದನ್ನು ಕಲಿತರು. ಆ ವಿದ್ಯೆಯನ್ನು ಹಿಡಿದುಕೊಂಡು ಊರಿಗೆ ಬಂದರು.

ಎಂಥ ವಿದ್ಯೆ ಅದು! ಆಗಲೇ ಹೇಳಿದ ಸುಳ್ಯದ ಗೌಡರು ದೊಡ್ಡ ಕೃಷಿಕರು. ಕಾಡುಹಂದಿಗೆ ಕೋವಿ ಹಿಡಿದು ನಿಲ್ಲುವ ಆಳು, ಸೂಜಿ ಕಂಡರೆ ಬೆವರುವುದು. ಕಾಕ ಅವರ ಕೈ ಹಿಡಿದು, "ಗೌಡ್ರೆ, ಈ ಸಲ ಅಡಿಕೆಗೆ ಕೊಳೆರೋಗ ಹೇಗುಂಟು?" ಎಂದು ಕೇಳುವರು. ಗೌಡರು ಮದ್ದು ಬಿಡುವವರು ಸಿಗದ ಕಥೆ ಶುರುಮಾಡುವರು. ಕಥೆ ಮುಗಿಯುವಾಗ ಕಾಕ ಹತ್ತಿ ಒತ್ತುತ್ತಿರುವರು.

"ಇನ್ನು ಕುತ್ತಿ ಮಾರಾಯ್ರೆ, ಕಣ್ಣು ಮುಚ್ಚಿದ್ದೇನೆ."

"ಕುತ್ತಿ ಆಯ್ತು. ನಿಮ್ಮ ರಕ್ತ ಆಗ್ಲೇ ಬಾಟಲಿಯಲ್ಲಿ ಕೂತು ನಿಮ್ಮನ್ನೇ ನೋಡ್ತಾ ಉಂಟು."

"ಹೋಗಿ ಕಾಕ, ಸುಳ್ಳು!"

ನರ ಕಣ್ಣಿಗೆ ಕಾಣುವುದಲ್ಲ, ಬೆರಳಿಗೆ ಕಾಣುವುದು ಎಂದು ನನಗೆ ಹೇಳಿಕೊಟ್ಟವರು ಅವರೇ. ನಾನು ಕಲಿತೆ, ಆದರೆ ಆ ಬೆರಳು ನನಗೆ ಬರಲಿಲ್ಲ.

ಅವರು ಮತ್ತೆ ಮತ್ತೆ ಹೇಳುತ್ತಿದ್ದ ಸಂಗತಿಯೊಂದಿತ್ತು. ಗಲ್ಫಿನ ಆ ಆಸ್ಪತ್ರೆಯಲ್ಲಿ ವಯಸ್ಸಾದ ಒಬ್ಬ ನರ್ಸು ಇದ್ದರಂತೆ. ಕೈ ನಡುಗಲು ಶುರುವಾಗಿತ್ತು. ಯಾರಿಗೂ ಹೇಳಲಿಲ್ಲ. ಒಂದು ದಿನ ಒಂದು ಎಳೆ ಮಗುವಿನ ಕೈಯಲ್ಲಿ ನರ ಹುಡುಕಿ ಹುಡುಕಿ, ಆ ಕೈ ಊದಿ ಕಪ್ಪಾಯಿತು. ಮಗುವನ್ನು ಅಲುಗದ ಹಾಗೆ ಹಿಡಿದುಕೊಂಡಿದ್ದವರು ಕಾಕ. "ನಾನೇ ಹಿಡಿದದ್ದು ಮಗಳೇ. ಅದು ನನ್ನ ಮುಖ ನೋಡಿಯೇ ಕೂಗಿದ್ದು. ಕೈ ನಮಗೆ ಮೊದಲೇ ನೋಟಿಸ್ ಕೊಡ್ತದೆ. ನಾವು ತೆಗೆದುಕೊಳ್ಳುದಿಲ್ಲ. ನನ್ನ ಕೈ ನೋಟಿಸ್ ಕೊಟ್ಟ ದಿನ ನಾನು ಒಂದು ಗಂಟೆ ಕೂಡ ಇರ್ಲಿಕ್ಕಿಲ್ಲ, ನೋಡು." ನಾವು ತಲೆ ಆಡಿಸುತ್ತಿದ್ದೆವು. ಹಿರಿಯರ ಮಾತು, ಹೇಳುತ್ತಾರೆ ಎಂದುಕೊಂಡಿದ್ದೆವು.

ಹಡಗು ಬಂದದ್ದು ಆ ಸೋಮವಾರಕ್ಕಿಂತ ಏಳೆಂಟು ತಿಂಗಳು ಮೊದಲು. ಗಲ್ಫಿನಲ್ಲಿರುವ ಅಳಿಯ, ಊರಿಗೆ ಬರುವವರ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದ. ಮುಚ್ಚಳದ ಮೇಲೆ ಮೂರು ಕಂಬದ ಹಾಯಿ ಹಡಗಿನ ಚಿತ್ರ. ಒಳಗೆ ಹಡಗಿಲ್ಲ, ಹಡಗಿನ ಸಾಮಾನು: ತೆಳುವಾದ ಹಲಗೆಯಲ್ಲಿ ಕೊರೆದಿಟ್ಟ ಪಕ್ಕೆಲುಬುಗಳು, ಬೆಂಕಿಕಡ್ಡಿಗಿಂತ ತುಸು ಅಗಲದ ನೂರಾರು ಪಟ್ಟಿಗಳು, ನೂಲಿನ ಉಂಡೆಗಳು, ಅಕ್ಕಿಕಾಳಿನಷ್ಟು ಚಿಕ್ಕ ರಾಟೆಗಳು, ಹಾಯಿಯ ಬಟ್ಟೆ. ಎಲ್ಲವನ್ನೂ ನಾವೇ ಸೇರಿಸಿ ಕಟ್ಟಬೇಕು. ಕಟ್ಟಿದರೆ ಒಂದೂವರೆ ಅಡಿ ಉದ್ದದ ಹಡಗು.

"ನಮ್ಮ ಅಜ್ಜ ಮಂಗಳೂರು ಬಂದರಿನಲ್ಲಿ ಮಂಜಿಗೆ ಅಡಿಕೆ ತುಂಬಿಸ್ತಿದ್ದವರು. ಮಂಜಿ ಅಂದ್ರೆ ಇಂಥದ್ದೇ, ಹಾಯಿಯದ್ದು. ನಾನು ಗಲ್ಫಿನಲ್ಲಿ ಆಸ್ಪತ್ರೆಯ ಕಿಟಕಿಯಿಂದ ಹನ್ನೊಂದು ವರ್ಷ ಮರದ ಹಡಗು ನೋಡಿದ್ದೇನೆ. ಒಂದರ ಒಳಗೂ ಕಾಲಿಟ್ಟವನಲ್ಲ" ಎಂದು ಕಾಕ ಪೆಟ್ಟಿಗೆಯನ್ನು ಲ್ಯಾಬಿಗೇ ತಂದರು. ಮನೆಯಲ್ಲಿ ಮೊಮ್ಮಕ್ಕಳು ರಾಟೆಗಳನ್ನು ನುಂಗಿಬಿಡುತ್ತವೆ ಎಂಬ ಹೆದರಿಕೆ. ಹಿಂದಿನ ಸ್ಟೋರ್ ರೂಮಿನಲ್ಲಿ ಹಳೆಯ ಮೇಜೊಂದಿತ್ತು. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಲ್ಯಾಬಿನಲ್ಲಿ ಜನ ಇರುವುದಿಲ್ಲ. ಅದು ಹಡಗಿನ ಹೊತ್ತಾಯಿತು.

ಅವರ ಕೆಲಸದ ರೀತಿ ನೋಡಲು ನಾವೆಲ್ಲ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಚಿಕ್ಕ ಸಾಮಾನುಗಳನ್ನು ರಕ್ತದ ಹೊಸ ಟ್ಯೂಬುಗಳಲ್ಲಿ ಹಾಕಿ, ನಂಬರು ಬರೆದ ಚೀಟಿ ಅಂಟಿಸಿ, ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದರು. ಗೋಂದು ಹಚ್ಚಿದ ಪಟ್ಟಿಯನ್ನು ಒಣಗುವವರೆಗೆ ಬಿಗಿಯಲು ರೋಗಿಗಳ ತೋಳಿಗೆ ಕಟ್ಟುವ ರಬ್ಬರನ್ನೇ ಕಟ್ಟಿದರು. "ನಿಮ್ಮ ಹಡಗಿಗೂ ಶುಗರ್ ಚೆಕ್ ಮಾಡ್ಲಿಕ್ಕುಂಟಾ ಕಾಕ?" ಎಂದು ರೇವತಿ. ಹಡಗಿನ ಮುಂದಿನ ಮೂತಿಗೆ ಅಂಟಿಸಲು ಒಂದು ಹಿತ್ತಾಳೆಯ ಹೆಣ್ಣಿನ ಗೊಂಬೆ ಬಂದಿತ್ತು. ಅದನ್ನು ಮಾತ್ರ ತೆಗೆದು ಬದಿಗಿಟ್ಟರು. "ಮನೆಗೆ ಹೋಗುವ ಹಡಗು ಇದು. ನಮ್ಮಲ್ಲಿ ಮನೆಯೊಳಗೆ ರೂಪ ಇಡುದಿಲ್ಲ. ದೇವರು ಕಾಪಾಡ್ತಾನೆ, ಗೊಂಬೆ ಬೇಡ."

ಪೆಟ್ಟಿಗೆಯಲ್ಲಿ ಒಂದು ಪುಸ್ತಕವಿತ್ತು. ನಲವತ್ತು ಪುಟ, ಸಣ್ಣ ಅಕ್ಷರ, ಇಂಗ್ಲಿಷು. ಮೊದಲ ದಿನವೇ ಅದನ್ನು ನನ್ನ ಕೈಗೆ ಕೊಟ್ಟರು.

"ನೀನು ಓದು, ಕನ್ನಡದಲ್ಲಿ ಹೇಳು. ನಾನು ಮಾಡ್ತೇನೆ. ಒಂದು ಸಾಲು ಕೂಡ ಬಿಡ್ಬಾರ್ದು."

"ಯೂಟ್ಯೂಬಿನಲ್ಲಿ ನೋಡಿ ಕಾಕ, ಬೇಕಾದಷ್ಟು ಉಂಟು" ಎಂದಳು ರೇವತಿ.

"ಅದು ಬೇರೆ ಹಡಗು. ಡಾಕ್ಟ್ರು ಬರೆದ ಚೀಟಿ ಬಿಟ್ಟು ಪಕ್ಕದ ಮನೆಯವರ ಮಾತ್ರೆ ನುಂಗ್ತೀಯಾ ನೀನು? ನಮಗೆ ಓದಿದವಳು ಒಬ್ಬಳಿದ್ದಾಳೆ. ಸಾಕು."

ನಮಗೆ ಓದಿದವಳು ಒಬ್ಬಳಿದ್ದಾಳೆ. ಆ ಮಾತಿಗೆ ನನಗೆ ಎಷ್ಟು ಹಿಗ್ಗಾಯಿತು ಎಂದು ಬರೆಯಲು ಈಗ ಕೈ ಹಿಂಜರಿಯುತ್ತದೆ.

ಮೊದಲ ಕೆಲವು ಪುಟ ಸುಲಭವಿತ್ತು. ಇದನ್ನು ಅದಕ್ಕೆ ಸಿಕ್ಕಿಸಿ, ನೆಟ್ಟಗಿದೆಯೇ ನೋಡಿ, ಅಂಟಿಸಿ. ಉದ್ದನೆಯ ಬೆನ್ನುಹಲಗೆಗೆ ಪಕ್ಕೆಲುಬುಗಳು ನಿಂತವು. ಒಂದು ದೊಡ್ಡ ಮೀನಿನ ಮುಳ್ಳಿನ ಹಾಗೆ ಕಾಣುತ್ತಿತ್ತು. ಆಮೇಲೆ ಹನ್ನೊಂದನೆಯ ಪುಟ. ಅಲ್ಲಿ, ಪಟ್ಟಿಗಳನ್ನು ಹೊದಿಸುವ ಮೊದಲು ಒಂದು ಪ್ಯಾರಾ ಇತ್ತು. ಹತ್ತು ಸಾಲು. ಎಲ್ಲ ಹಡಗು ಕಟ್ಟುವವರ ಮಾತು. ಮೂರು ಸಲ ಓದಿದೆ, ತಲೆಬುಡ ತಿಳಿಯಲಿಲ್ಲ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ಫೋಟೋ ತೆಗೆದು ಅನುವಾದ ಮಾಡಿಸಿದೆ. ಬಂದ ಕನ್ನಡದಲ್ಲಿ 'ಪಕ್ಕೆಲುಬುಗಳಿಗೆ ನ್ಯಾಯ ಕೊಡಿ' ಎಂದಿತ್ತು; ಹಡಗು ಕಟ್ಟುವುದೋ, ನ್ಯಾಯಾಲಯಕ್ಕೆ ಹೋಗುವುದೋ ಗೊತ್ತಾಗುವಂತಿರಲಿಲ್ಲ. ವಾಪಸು ಬಂದೆ. ರೇವತಿ ಬಾಗಿಲಲ್ಲಿ ನಿಂತು ಚಾ ಕುಡಿಯುತ್ತಿದ್ದಳು.

"ಎಂತ ಹೇಳಿದ್ದಾರೆ ಮಗಳೇ?" ಎಂದರು ಕಾಕ.

"ಇದು ಬರೀ ಎಚ್ಚರಿಕೆಯ ಮಾತು ಕಾಕ. ಮೆಲ್ಲ ಮಾಡಿ, ಅವಸರ ಬೇಡ ಅಂತ. ಇನ್ನು ಪಟ್ಟಿ ಅಂಟಿಸುದು."

ಇಷ್ಟೇ ನಾನು ಮಾಡಿದ್ದು. ಒಂದು ನಿಮಿಷದ ಮಾತು.

ಪಟ್ಟಿಗಳು ಕೂರಲಿಲ್ಲ. ಮಧ್ಯದಲ್ಲಿ ಕೂತರೆ ಮೂತಿಯ ಹತ್ತಿರ ಎದ್ದವು. ಪಿನ್ನು ಹೊಡೆದು, ರಬ್ಬರು ಬಿಗಿದು ಹೋದರೆ, ಮರುದಿನ ಬಿಚ್ಚುವಾಗ ಟಪ್ ಎಂದು ಹಾರುತ್ತಿದ್ದವು. ಕಾಕ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಿ ನೋಡಿದರು. ಕೂತ ಕಡೆಯೂ ಎರಡು ಪಟ್ಟಿಗಳ ನಡುವೆ ಬೆಳಕು ಕಾಣುತ್ತಿತ್ತು. ಪೂರ್ತಿ ಕಿತ್ತು ಮತ್ತೆ ಶುರು ಮಾಡಿದರು. ಮತ್ತೆ ಕಿತ್ತರು. ಮೂರನೆಯ ಸಲ ಕೀಳುವಾಗ, ಪಟ್ಟಿಯನ್ನು ಬಿಟ್ಟು ತಮ್ಮ ಬೆರಳುಗಳನ್ನೇ ನೋಡುತ್ತಾ ಕೂರುವುದನ್ನು ಕಂಡೆ.

"ಪುಸ್ತಕದಲ್ಲಿ ಬೇರೆ ಎಂತದೂ ಹೇಳ್ಲಿಲ್ವಾ?" ಎಂದು ಒಮ್ಮೆ ಕೇಳಿದರು.

"ಇಲ್ಲ ಕಾಕ."

"ಹಾಗಾದ್ರೆ ಪುಸ್ತಕದ್ದು ತಪ್ಪಲ್ಲ."

ಆಗ ನನಗೆ ಗೊತ್ತಿತ್ತೇ? ಈ ಪ್ರಶ್ನೆಗೆ ಉತ್ತರ ಕೊಡದೆ ಹೋದರೆ ಇದನ್ನು ಬರೆಯುವುದೇ ಬೇಡ. ಗೊತ್ತಿರಲಿಲ್ಲ. ಸಂಶಯ ಇತ್ತು. ಸಂಶಯವನ್ನು ಹತ್ತಿರ ಬರಲು ಬಿಡಲಿಲ್ಲ.

ಅದಾಗಿ ಎರಡು ವಾರಕ್ಕೆ ಆ ಸೋಮವಾರ.

ನಮ್ಮ ಡಾಕ್ಟ್ರು, ಲ್ಯಾಬಿನ ಯಜಮಾನರು, ಮೂರು ಸಲ ಈಶ್ವರಮಂಗಲದ ಕಾಕನ ಮನೆಗೆ ಹೋಗಿಬಂದರು. ಮೂರನೆಯ ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು.

"ಬಿಡುವ ಮೊದಲಿನ ಶುಕ್ರವಾರ ಮೂವತ್ತೆಂಟು ಜನರದ್ದು ತೆಗ್ದಿದ್ದೀರಿ. ಒಬ್ಬರು ಕೂಡ ಎರಡನೇ ಸಲ ಕುತ್ತಿಸಿಕೊಳ್ಳಲಿಲ್ಲ. ಎಂತ ಕೈ ಹೋಗಿದ್ದು ಕಾಕ?"

"ಅದು ರೂಢಿ ಡಾಕ್ಟ್ರೆ. ಕೈ ಹಳೇ ದಾರಿಯಲ್ಲಿ ಕಣ್ಣು ಮುಚ್ಚಿ ಹೋಗ್ತದೆ. ಹೊಸ ದಾರಿಗೆ ಬಿಟ್ಟಾಗ ಗೊತ್ತಾಗುದು. ಒಂದು ಕಡ್ಡಿಯ ಮೇಲೆ ಒಂದು ಕಡ್ಡಿ ಕೂರಿಸ್ಲಿಕ್ಕೆ ನಾಲ್ಕು ತಿಂಗಳು ಆಗ್ಲಿಲ್ಲ ನನಗೆ. ಅದೇ ಕೈಯಲ್ಲಿ ಮಗುವಿನ ನರ ಹುಡುಕ್ಲಾ?"

"ಆಟದ ಹಡಗು ಮಾರಾಯ್ರೆ ಅದು!"

"ಆಟದಲ್ಲೇ ನೋಟಿಸ್ ಬಂತಲ್ಲ. ಮಗುವಿನ ಕೈಯಲ್ಲಿ ಬರ್ಲಿಲ್ಲ. ಅಷ್ಟು ಪುಣ್ಯ."

ನಾನು ಪಕ್ಕದಲ್ಲೇ ನಿಂತಿದ್ದೆ. ಹಡಗಿನಿಂದಾಗಿ ಬಿಟ್ಟರು ಎಂದು ನನಗೆ ತಿಳಿದದ್ದು ಆವತ್ತು. ಬಾಯಿ ತೆರೆಯಲಿಲ್ಲ. ನನ್ನದೇ ತಪ್ಪು ಎಂದು ಇನ್ನೂ ಖಾತ್ರಿಯಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಲ್ಲಿಂದ ಮುಂದಿನ ಒಂದು ವರ್ಷ ಲ್ಯಾಬಿನಲ್ಲಿ ಸೂಜಿ ಹಿಡಿದದ್ದು ನಾನು ಮತ್ತು ಹೊಸದಾಗಿ ಬಂದ ಇನ್ನೊಬ್ಬಳು. ಮಕ್ಕಳು ಕಿರುಚುವ ಶಬ್ದ ಕೆಳಗಿನ ಬಟ್ಟೆ ಅಂಗಡಿಯವರೆಗೆ ಕೇಳುತ್ತಿತ್ತು. "ಕಾಕ ಇಲ್ದಿದ್ರೆ ಇಲ್ಲಿ ಎಂತ ಉಂಟು?" ಎಂದು ಮುಖದ ಮೇಲೆ ಹೇಳಿ ಬೇರೆ ಲ್ಯಾಬಿಗೆ ಹೋದವರಿದ್ದರು.

ವರ್ಷ ತುಂಬುವ ಹೊತ್ತಿಗೆ ಒಂದು ದಿನ ಸ್ಟೋರ್ ರೂಮಿಗೆ ಹೊಸ ಕಪಾಟು ಮಾಡಲು ಆಚಾರಿ ಬಂದರು. ಹಡಗಿನ ಅಸ್ಥಿಪಂಜರ ಇನ್ನೂ ಮೇಜಿನ ಮೇಲೇ ಇತ್ತು. ತೆಗೆದಿಡಲು ಯಾರಿಗೂ ಮನಸ್ಸಾಗಿರಲಿಲ್ಲ. ಆಚಾರಿ ಅಳತೆ ಟೇಪು ಬಿಟ್ಟು ಅದನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ನಕ್ಕರು.

"ಇದಕ್ಕೆ ಹಲಗೆ ಕೂರಿಸ್ಲಿಕ್ಕೆ ನೋಡಿದ್ದು ಯಾರು ಅಕ್ಕ?"

"ಯಾಕೆ ಆಚಾರ್ರೆ?"

"ಪಕ್ಕೆಲುಬಿನ ಅಂಚು ಕೆತ್ತಲೇ ಇಲ್ವಲ್ಲ. ಮೂತಿಯ ಹತ್ತಿರ ಹಲಗೆ ಓರೆಯಾಗಿ ಬಗ್ಗಿ ಬರ್ತದೆ, ಅಂಚು ನೆಟ್ಟಗೆ ಉಂಟು. ಅಂಚನ್ನೂ ಓರೆ ಮಾಡ್ಬೇಕು. ಇಲ್ಲದ್ರೆ ಹಲಗೆ ಬರೀ ಮೂಲೆಗೆ ತಾಗಿ ನಿಲ್ತದೆ. ಬ್ರಹ್ಮ ಬಂದ್ರೂ ಕೂರಿಸ್ಲಿಕ್ಕೆ ಆಗುದಿಲ್ಲ."

ಬ್ರಹ್ಮ ಬಂದರೂ ಆಗುವುದಿಲ್ಲ. ಸ್ಟೂಲಿನ ಮೇಲೆ ಕೂತೆ. ಪುಸ್ತಕ ಡ್ರಾಯರಿನಲ್ಲೇ ಇತ್ತು. ಹನ್ನೊಂದನೆಯ ಪುಟ ತೆರೆದೆ. ಆಚಾರಿ ಹೇಳಿದ್ದನ್ನು ಕೇಳಿದ ಮೇಲೆ ಆ ಹತ್ತು ಸಾಲು ಒಂದೊಂದಾಗಿ ಬಾಯಿ ತೆರೆದವು. ಪಕ್ಕೆಲುಬುಗಳ ಅಂಚನ್ನು ಓರೆಯಾಗಿ ಉಜ್ಜಿರಿ. ಒಂದು ಪಟ್ಟಿಯನ್ನು ಇಟ್ಟು ನೋಡುತ್ತಾ ಉಜ್ಜಿರಿ. ಕೊನೆಯ ಸಾಲು ನನ್ನನ್ನು ಕೊಂದಿತು: ಈ ಕೆಲಸವನ್ನು ಬಿಟ್ಟರೆ ಎಷ್ಟೇ ಪಳಗಿದ ಕೈಯಾದರೂ ಪಟ್ಟಿಗಳನ್ನು ಕೂರಿಸಲಾರದು.

ಅದನ್ನು ನಾನು ಒಂದೂವರೆ ವರ್ಷದ ಹಿಂದೆ ಅವರ ಮುಖ ನೋಡಿ, "ಬರೀ ಎಚ್ಚರಿಕೆಯ ಮಾತು" ಎಂದು ದಾಟಿಸಿದ್ದೆ.

ಕಾಕನ ಮನೆಗೆ ಹೋಗಲು ಮತ್ತೆ ಹನ್ನೆರಡು ದಿನ ತೆಗೆದುಕೊಂಡೆ. ಅದನ್ನೂ ಹೇಳಿಬಿಡುತ್ತೇನೆ. ಹದಿಮೂರನೆಯ ದಿನ, ಆದಿತ್ಯವಾರ, ಹಡಗನ್ನು ರಕ್ತದ ಸ್ಯಾಂಪಲ್ ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಪಟ್ಟಿಗಳ ಕಟ್ಟನ್ನೂ ಎರಡು ಹಾಳೆ ಸ್ಯಾಂಡ್ ಪೇಪರನ್ನೂ ಹಾಕಿ, ಈಶ್ವರಮಂಗಲದ ಬಸ್ಸು ಹತ್ತಿದೆ.

"ಎಂತ ಅಕ್ಕ, ಮೀನಾ?" ಎಂದ ಕಂಡಕ್ಟರು.

"ಅಲ್ಲ, ಹಡಗು."

"ಹಾಗಾದ್ರೆ ಮೀನು ಹಿಂದಿನಿಂದ ಬರ್ತದಾ?" ಎಂದು ಎಲ್ಲರನ್ನೂ ನಗಿಸಿದ. ನನಗೆ ನಗಲು ಬರಲಿಲ್ಲ.

ಕಾಕ ಸಿಟೌಟಿನಲ್ಲಿ ಕೂತು ಮೊಮ್ಮಗಳ ಶಾಲೆಯ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದರು. ಹೊಲಿಗೆ ಅಳತೆ ಹಿಡಿದ ಹಾಗೆ ಬರುತ್ತಿತ್ತು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಹನ್ನೊಂದನೆಯ ಪುಟ, ಬಾತ್‌ರೂಮು, ಮೊಬೈಲು, ಎಲ್ಲ. ಕಾಕ ಸೂಜಿಯನ್ನು ಚೀಲಕ್ಕೆ ಚುಚ್ಚಿ ಬದಿಗಿಟ್ಟರು.

"ಓದು."

ಓದಿದೆ. ಇಂಗ್ಲಿಷಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು. ಕೊನೆಯ ಸಾಲಿಗೆ ಬಂದಾಗ ಪುಸ್ತಕ ಮುಚ್ಚಲು ಹೋದೆ. "ಅದನ್ನೂ ಓದು" ಎಂದರು. ಓದಿದೆ.

ಅವರ ಹೆಂಡತಿ ನೀರು ತಂದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಕಾಕ ಸ್ಯಾಂಡ್ ಪೇಪರಿಗೆ ಕೈ ಚಾಚಿದರು. ಮೂತಿಯ ಕಡೆಯ ಎರಡು ಪಕ್ಕೆಲುಬುಗಳ ಅಂಚನ್ನು ಉಜ್ಜಲು ತೊಡಗಿದರು. ಉಜ್ಜುವುದು, ಪಟ್ಟಿ ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಹೀಗೇ ಅರ್ಧ ಗಂಟೆ ಹೋಯಿತು. ಆಮೇಲೆ ಒಂದು ಪಟ್ಟಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು. ಕೂತಿತು. ಪಕ್ಕದಲ್ಲಿ ಇನ್ನೊಂದನ್ನು ಒತ್ತಿದರು. ನಡುವೆ ಒಂದು ಕೂದಲು ಹೋಗುವಷ್ಟು ಜಾಗವಿರಲಿಲ್ಲ.

"ನೋಡಿ ಕಾಕ! ನಿಮ್ಮ ಕೈಗೆ ಎಂತದೂ ಆಗ್ಲಿಲ್ಲ. ನಾಳೆಯೇ ಬನ್ನಿ. ಡಾಕ್ಟ್ರಿಗೆ ನಾನು ಹೇಳ್ತೇನೆ, ಎಲ್ಲ ಹೇಳ್ತೇನೆ."

ಕಾಕ ತಮ್ಮ ಕೈಯನ್ನು ನೋಡುತ್ತಿದ್ದರು. ಬೇರೆ ಯಾರದೋ ಕೈ ಮಡಿಲಲ್ಲಿ ಬಿದ್ದಿದೆ ಎಂಬ ಹಾಗೆ.

"ಹೌದಲ್ಲ" ಎಂದರು. "ಆಗ್ಲಿಲ್ಲ."

"ಬರ್ತೀರಲ್ಲ?"

"ಇಲ್ಲ ಮಗಳೇ."

ನನಗೆ ಕೇಳಿದ್ದು ಸರಿಯೇ ಎಂದು ಅವರ ಹೆಂಡತಿಯ ಮುಖ ನೋಡಿದೆ. ಆಕೆ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಕೈ ಸರಿ ಉಂಟು. ಆದ್ರೆ ಒಂದು ವರ್ಷ ನಾನು ಅದನ್ನು ನಂಬಲಿಲ್ಲ. ಇನ್ನು ಮಗುವಿನ ಕೈ ಹಿಡಿದಾಗ ನನಗೆ ಒಂದು ಕ್ಷಣ ಸಂಶಯ ಬರ್ತದೆ. ಬಂದೇ ಬರ್ತದೆ. ಮಗುವಿಗೆ ನೋವಾಗ್ಲಿಕ್ಕೆ ಆ ಒಂದು ಕ್ಷಣ ಸಾಕು."

ಎಷ್ಟು ಬೇಡಿಕೊಂಡರೂ ಆ ಮಾತಿನಿಂದ ಕದಲಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನಾನು ಹಗುರಾಗಿ ಬಸ್ಸು ಹತ್ತುತ್ತಿದ್ದೆನೋ ಏನೋ. ಹೊರಡುವಾಗ ಒಂದೇ ಪ್ರಶ್ನೆ ಕೇಳಿದರು: "ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ನನ್ನ ಹತ್ರ ಕೂಡ ಆಗ್ಲಿಲ್ವಾ ನಿನಗೆ?" ಆಮೇಲೆ ಅವರೇ ಮುಂದುವರಿಸಿದರು.

"ಇದು ಇಲ್ಲಿಗೇ ಇರಲಿ. ಡಾಕ್ಟ್ರಿಗೆ ಬೇಡ, ಯಾರಿಗೂ ಬೇಡ. ಮುದುಕನ ಕೈ ಹೋಯ್ತು ಅಂತ ಊರು ಹೇಳಿದ್ರೆ ಹೇಳಲಿ, ಎಲ್ಲ ಮುದುಕರದ್ದೂ ಹೋಗ್ತದೆ. ನೀನು ಇನ್ನು ಮೂವತ್ತು ವರ್ಷ ರಿಪೋರ್ಟಿಗೆ ಸಹಿ ಹಾಕ್ಬೇಕಾದವಳು. ಓದ್ಲಿಕ್ಕೆ ತಿಳಿಯದ್ದನ್ನು ತಿಳಿದೆ ಅಂತ ಹೇಳಿದವಳು ಅಂತ ಗೊತ್ತಾದ್ರೆ ನಿನ್ನ ರಿಪೋರ್ಟು ಯಾರು ನಂಬ್ತಾರೆ?"

ಆಗಲಿ ಎಂದೆ. ಅದೂ ನನಗೆ ಅನುಕೂಲವೇ ಆಗಿತ್ತು.

ಹಡಗು ಅವರ ಮನೆಯಲ್ಲೇ ಉಳಿಯಿತು. ತಿಂಗಳಿಗೊಮ್ಮೆಯೋ ಎರಡು ಸಲವೋ ಫೋನು ಬರುತ್ತಿತ್ತು. ಪುಟದ ನಂಬರು ಹೇಳುವರು, ಮೊಮ್ಮಗಳು ಫೋಟೋ ಕಳಿಸುವಳು. ತಿಳಿಯದ್ದನ್ನು "ಇದು ನನಗೆ ಗೊತ್ತಾಗುದಿಲ್ಲ ಕಾಕ, ಕೇಳಿ ಹೇಳ್ತೇನೆ" ಎನ್ನುವುದನ್ನು ಮೂವತ್ತು ದಾಟಿದ ಮೇಲೆ ಕಲಿತೆ. "ಕೇಳು, ಕೇಳು. ಹಡಗಿಗೆ ಅವಸರ ಇಲ್ಲ" ಎನ್ನುತ್ತಿದ್ದರು. ಮೂರೂ ಕಂಬ ನಿಂತವು. ತೀರಿಕೊಳ್ಳುವಾಗ ಹಾಯಿಗಳಲ್ಲಿ ಎರಡು ಮಾತ್ರ ಕಟ್ಟಲು ಉಳಿದಿದ್ದವು ಎಂದು ಅವರ ಹೆಂಡತಿ ಹೇಳಿದರು.

ಕಾಕ ತೀರಿಕೊಂಡ ಮುಂದಿನ ಆದಿತ್ಯವಾರ ಲ್ಯಾಬಿನಲ್ಲಿ ಒಂದು ಚಿಕ್ಕ ಸಭೆ ಇಟ್ಟಿದ್ದೆವು. ಕಾಯುವ ಕುರ್ಚಿಗಳನ್ನೇ ಸಾಲಾಗಿ ಹಾಕಿ, ನಾವು ಆರು ಜನ ಕೆಲಸದವರು, ಡಾಕ್ಟ್ರು, ಹಳೆಯ ರೋಗಿಗಳು ಇಪ್ಪತ್ತು ಇಪ್ಪತ್ತೈದು ಮಂದಿ. ಡಾಕ್ಟ್ರು ಮಾತಾಡುತ್ತಾ, "ಕೊನೆಗೆ ಕೈಯೇ ಕೈಕೊಟ್ಟಿತು, ಆದರೆ ಅದನ್ನು ಮೊದಲು ತಿಳಿದವರೂ ಅವರೇ. ಎಂಥ ಪ್ರಾಮಾಣಿಕ ಮನುಷ್ಯ" ಎಂದರು. ಎಲ್ಲರೂ ತಲೆದೂಗಿದರು. ಹೊಗಳಿಕೆಯೇ. ಆದರೆ ಅವರು ತಲೆದೂಗುತ್ತಿದ್ದದ್ದು ಸುಳ್ಳಿಗೆ, ಆ ಸುಳ್ಳು ನನ್ನದು. ಆಮೇಲೆ ರೇವತಿ, "ನೀನು ಎರಡು ಮಾತಾಡು, ನಿನಗೆ ಮಾತು ಬರ್ತದೆ" ಎಂದು ನನ್ನನ್ನು ಎಬ್ಬಿಸಿದಳು.

ಎದ್ದು ನಿಂತು ಕಾಕನಿಗೆ ಕೊಟ್ಟ ಮಾತನ್ನು ಮುರಿದೆ. ಇಲ್ಲಿ ಬರೆದಿರುವುದನ್ನೆಲ್ಲ ಹೇಳಿದೆ, ಇದಕ್ಕಿಂತ ಗಲಿಬಿಲಿಯಾಗಿ. ಮುಗಿಸಿದಾಗ ಡಾಕ್ಟ್ರು ನನ್ನನ್ನು ನೋಡುತ್ತಿದ್ದರು, ಮೊದಲ ಸಲ ನೋಡುವವರ ಹಾಗೆ. ರೇವತಿಯ ಕೈ ಬಾಯಿಯ ಮೇಲಿತ್ತು.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಕಿಡ್ನಿಯ ತೊಂದರೆಯಿಂದ ತಿಂಗಳಿಗೆ ಎರಡು ಸಲ ಪರೀಕ್ಷೆಗೆ ರಕ್ತ ಕೊಡಬೇಕಾದ ಮೇಷ್ಟ್ರು.

"ಅಂದ್ರೆ ಕಾಕನ ಕೈಗೆ ಎಂತದೂ ಆಗಿರ್ಲಿಲ್ವಾ?"

"ಎಂತದೂ ಆಗಿರಲಿಲ್ಲ ಸರ್."

"ಈ ಮೂರು ವರ್ಷವೂ?"

"ಈ ಮೂರು ವರ್ಷವೂ."

ಅವರು ಅಂಗಿಯ ಎಡತೋಳನ್ನು ಮೆಲ್ಲಗೆ ಮೇಲೆ ಸರಿಸಿ, ಮೊಣಕೈಯ ಮಡಿಕೆಯಲ್ಲಿ ನನ್ನ ಸೂಜಿ ಬಿಟ್ಟ ಕಪ್ಪು ಕಲೆಗಳನ್ನು, ಅದೇ ಮೊದಲು ಕಂಡವರ ಹಾಗೆ, ನೋಡುತ್ತಾ ನಿಂತರು.